ಲೋಡ್ ಎಷ್ಟಿತ್ತು ಅಂತ ಯಾರೂ ಬರೆದೇ ಇಲ್ಲ

ಈ ತಿಂಗಳ ಕಾನೂನು ಪ್ರಶ್ನೆಗಳಲ್ಲಿ ಓವರ್‌ಲೋಡ್ ಗಾಡಿಗಳ ಅಪಘಾತದ್ದೇ ಜಾಸ್ತಿ ಬಂದಿವೆ, ಮರಳಿನ ಟಿಪ್ಪರ್, ತರಕಾರಿ ಲಾರಿ, ಕಬ್ಬಿನ ಟ್ರ್ಯಾಕ್ಟರ್, ಅದಿರಿನ ಲಾರಿ. ಎಲ್ಲಾ ಪತ್ರ ಒಟ್ಟಿಗೆ ಇಟ್ಕೊಂಡು ಓದಿದೆ. ಪ್ರತಿಯೊಬ್ರೂ "ಮಿತಿ ಮೀರಿ ಲೋಡ್ ಇತ್ತು ಸಾರ್" ಅಂತ ಬರೀತಾರೆ, ಆದ್ರೆ ಅವರು ಕಳಿಸಿರೋ ಎಫ್‌ಐಆರ್ ಪ್ರತಿ, ಮಹಜರು ಯಾವುದ್ರಲ್ಲೂ ಗಾಡಿ ತೂಕದ ಮಾತೇ ಇಲ್ಲ. ಹಾಗಾಗಿ ಈ ಸಲ ಐದು ಪತ್ರಗಳಿಗೆ ಸ್ವಲ್ಪ ಉದ್ದವಾಗೇ ಉತ್ತರ ಬರೀತಿದೀನಿ. ಹೆಸರುಗಳನ್ನ ಬಿಟ್ಟಿದೀನಿ.

ಪ್ರಶ್ನೆ: ನಮ್ಮೆಜಮಾನ್ರಿಗೆ 34 ವರ್ಷ, ವೆಲ್ಡಿಂಗ್ ಕೆಲಸ. ಎರಡೂವರೆ ತಿಂಗಳ ಹಿಂದೆ ಬೈಕಲ್ಲಿ ಬರ್ತಿದ್ದಾಗ ಎಂ-ಸ್ಯಾಂಡ್ ತುಂಬಿದ ಹತ್ತು ಚಕ್ರದ ಟಿಪ್ಪರ್ ತಿರುವಲ್ಲಿ ಬ್ರೇಕ್ ಹಿಡೀದೆ ಬಂದು ಗುದ್ದಿತು. ಬಲಗಾಲಿಗೆ ರಾಡ್ ಹಾಕಿದಾರೆ. ಲೋಡ್ ಮೇಲೆ ಗುಡ್ಡದ ಥರ ಇತ್ತು, ಜನ ಎಲ್ಲಾ ನೋಡಿದಾರೆ, ಆದ್ರೆ ರಾತ್ರಿಗೆ ರಾತ್ರಿ ಇನ್ನೊಂದು ಗಾಡಿಗೆ ಮರಳು ತುಂಬ್ಕೊಂಡು ಹೋದ್ರು. ಪೊಲೀಸರು ಲೋಡ್ ವಿಷಯ ಬೇಡ, ಕೇಸ್ ಉದ್ದ ಆಗುತ್ತೆ ಅಂದ್ರು. ಇನ್ಶೂರೆನ್ಸ್ ಕಡೆಯವರು ಓವರ್‌ಲೋಡ್ ಅಂತ ಹೇಳಿದ್ರೆ ನಿಮಗೇ ದುಡ್ಡು ಬರಲ್ಲ ಅಂತ ಹೆದರಿಸ್ತಿದಾರೆ. ನಿಜಾನಾ? — ರಾಮನಗರ ಜಿಲ್ಲೆಯ ಓದುಗರು

ಮೊದಲು ಕೊನೇ ಮಾತಿಗೆ ಉತ್ತರ ಹೇಳ್ತೀನಿ ತಾಯಿ, ಅದು ನಿಜ ಅಲ್ಲ. ರಸ್ತೇಲಿ ಹೋಗ್ತಿದ್ದ ಮೂರನೇ ವ್ಯಕ್ತಿಗೆ ಪೆಟ್ಟಾದಾಗ ಇನ್ಶೂರೆನ್ಸ್ ಕಂಪನಿ ಯಾವ್ಯಾವ ಕಾರಣ ಹೇಳಿ ತಕರಾರು ಮಾಡಬಹುದು ಅಂತ ಮೋಟಾರು ವಾಹನ ಕಾಯ್ದೆ ಸೆಕ್ಷನ್ 150ರಲ್ಲಿ ಪಟ್ಟಿ ಇದೆ, ಡ್ರೈವರ್‌ಗೆ ಲೈಸೆನ್ಸ್ ಇಲ್ದೇ ಇರೋದು, ರೇಸಿಗೆ ಬಳಸಿದ್ದು, ಪರ್ಮಿಟ್ಟಲ್ಲಿ ಇಲ್ಲದ ಉದ್ದೇಶಕ್ಕೆ ಬಳಸಿದ್ದು ಇಂಥವು. ಆ ಪಟ್ಟಿಯಲ್ಲಿ ಓವರ್‌ಲೋಡ್ ಅನ್ನೋ ಪದವೇ ಇಲ್ಲ. ಅದು ಮಾಲೀಕನಿಗೂ ಕಂಪನಿಗೂ ನಡುವಿನ ಜಗಳ, ನಿಮ್ಮ ಯಜಮಾನ್ರ ಕಾಲಿಗೂ ಅದಕ್ಕೂ ಸಂಬಂಧ ಇಲ್ಲ. ಓವರ್‌ಲೋಡ್ ಇತ್ತು ಅಂತ ದಾಖಲೆ ಆದ್ರೆ ನಿಮಗೆ ಅನುಕೂಲವೇ, ಯಾಕಂದ್ರೆ ನಾಳೆ ಕಂಪನಿ ವಕೀಲರು ಬೈಕ್‌ನವರದ್ದೇ ತಪ್ಪು, ಅರ್ಧ ಕಡಿತ ಮಾಡಿ ಅಂತ ವಾದ ಮಾಡೇ ಮಾಡ್ತಾರೆ, ಆಗ ಮಿತಿಗಿಂತ ಉದಾಹರಣೆಗೆ ಎಂಟು ಟನ್ ಜಾಸ್ತಿ ಹೊತ್ತ ಗಾಡಿ ತಿರುವಲ್ಲಿ ನಿಲ್ಲೋಕೆ ಸಾಧ್ಯವೇ ಇರಲಿಲ್ಲ ಅನ್ನೋದು ನಿಮ್ಮ ಕೈಯಲ್ಲಿರೋ ಗಟ್ಟಿ ಉತ್ತರ. ಒಂದು ಮಾತ್ರ ತಿಳ್ಕೊಂಡಿರಿ, ಓವರ್‌ಲೋಡ್ ಇತ್ತು ಅಂತ ಪರಿಹಾರದ ಮೊತ್ತ ಏರಲ್ಲ, ಮೊತ್ತ ನಿಲ್ಲೋದು ನಿಮ್ಮ ನಷ್ಟದ ಮೇಲೆ.

ಈಗ ತೂಕದ ವಿಷಯ. ಹತ್ತು ಚಕ್ರದ ಲಾರಿಗೆ ಮೊದಲು ಗಾಡಿ ಸೇರಿ ಒಟ್ಟು 25 ಟನ್ ಮಿತಿ ಇತ್ತು, 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನ 28.5 ಟನ್ನಿಗೆ ಏರಿಸಿತು. ನಿಮ್ಮ ಟಿಪ್ಪರ್‌ಗೆ ಎಷ್ಟು ಅಂತ ಅದರ ಆರ್‌ಸಿಯಲ್ಲಿ ಖಾಲಿ ತೂಕ, ಒಟ್ಟು ತೂಕ ಎರಡೂ ಬರೆದಿರತ್ತೆ. ಮಿತಿ ಮೀರಿದ್ರೆ ಸೆಕ್ಷನ್ 194ರ ಪ್ರಕಾರ 20,000 ರೂಪಾಯಿ ದಂಡ, ಜೊತೆಗೆ ಜಾಸ್ತಿ ಇರೋ ಪ್ರತಿ ಟನ್ನಿಗೆ 2,000, ಅಂದ್ರೆ ಎಂಟು ಟನ್ ಜಾಸ್ತಿ ಇದ್ರೆ 36,000. ದಂಡ ಕಟ್ಟಿಸ್ಕೊಂಡು ಹಾಗೇ ಬಿಡೋ ಹಾಗೂ ಇಲ್ಲ, ಹೆಚ್ಚುವರಿ ಮಾಲು ಇಳಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ತೂಕ ಮಾಡಿಸ್ದೇ ಓಡಿಹೋದ್ರೆ 40,000. ಇಷ್ಟೆಲ್ಲಾ ಇದ್ರೂ ಅಪಘಾತ ಆದ ಗಾಡಿನ ತೂಕದ ಯಂತ್ರದ ಮೇಲೆ ನಿಲ್ಲಿಸೋ ಅಭ್ಯಾಸ ನಮ್ಮಲ್ಲಿ ಇಲ್ವೇ ಇಲ್ಲ. ಆರ್‌ಟಿಓ ಇನ್ಸ್‌ಪೆಕ್ಟರ್ ಬಂದು ನೋಡಿ ಕೊಡೋ ಐಎಂವಿ ರಿಪೋರ್ಟಲ್ಲಿ ಬ್ರೇಕ್ ಸರಿ ಇದೆ, ಯಾಂತ್ರಿಕ ದೋಷದಿಂದ ಅಪಘಾತ ಆಗಿಲ್ಲ ಅಂತ ಒಂದು ಸಾಲು ಇರತ್ತೆ ಅಷ್ಟೇ, ಖಾಲಿ ಗಾಡಿ ಬ್ರೇಕ್ ನೋಡಿ ಬರೆದ ಸಾಲು ಅದು. ವಕೀಲಿ ಶುರು ಮಾಡಿದ ಹೊಸದ್ರಲ್ಲಿ ಇದೇ ಸಾಲು ಓದಿ ಸುಮ್ಮನಾಗಿ, ತೂಕ ಕೇಳದೇ ಒಂದು ಕೇಸಲ್ಲಿ ನನ್ನ ಕಕ್ಷಿದಾರನ ಪರಿಹಾರದಲ್ಲಿ ಕಾಲು ಭಾಗ ಕಡಿತ ಆಯ್ತು, ಅದು ಈಗ್ಲೂ ಮನಸ್ಸಲ್ಲಿ ಕೊರೀತದೆ, ಅದಕ್ಕೇ ಇಷ್ಟು ಬಿಡಿಸಿ ಬರೀತಿರೋದು.

ಮರಳು ಖಾಲಿ ಮಾಡ್ಬಿಟ್ರು ಅಂತ ಎದೆಗುಂದಬೇಡಿ, ತೂಕದ ಗುರುತು ಬೇರೆ ಕಡೆ ಉಳಿದಿರತ್ತೆ. ಕ್ರಷರ್‌ನಿಂದ ಹೊರಟ ಗಾಡಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಎಂಡಿಪಿ, ಅಂದ್ರೆ ಖನಿಜ ಸಾಗಣೆ ಪರ್ಮಿಟ್ ಬೇಕು, ಅದರಲ್ಲಿ ಗಾಡಿ ನಂಬರ್, ದಿನ, ಟನ್ ಎಲ್ಲಾ ಇರತ್ತೆ, ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಿ, ಪರ್ಮಿಟ್ಟೇ ಇರಲಿಲ್ಲ ಅಂತ ಉತ್ತರ ಬಂದ್ರೂ ಅದನ್ನೂ ಇಟ್ಕೊಳ್ಳಿ. ಕ್ರಷರ್‌ನ ವೇಬ್ರಿಡ್ಜ್, ಅಂದ್ರೆ ಗಾಡಿ ತೂಕ ಮಾಡೋ ಯಂತ್ರದ ಚೀಟಿ ಇರತ್ತೆ. ದಾರೀಲಿ ಟೋಲ್ ಇದ್ರೆ ಫಾಸ್ಟ್ಯಾಗ್ ಸಮಯ, ಕ್ಯಾಮೆರಾ, ಕೆಲವು ಕಡೆ ಓಡ್ತಿದ್ದ ಹಾಗೇ ತೂಕ ಹಿಡಿಯೋ ಯಂತ್ರದ ಲೆಕ್ಕ ಎಲ್ಲಾ ಸಿಗತ್ತೆ, ಆದ್ರೆ ಕ್ಯಾಮೆರಾ ರೆಕಾರ್ಡಿಂಗ್ ಬಹಳ ದಿನ ಇಟ್ಕೊಳಲ್ಲ, ಹಾಗಾಗಿ ಇವತ್ತೇ ಟೋಲ್ ಮ್ಯಾನೇಜರ್‌ಗೂ ತನಿಖಾಧಿಕಾರಿಗೂ ಅಳಿಸಬೇಡಿ ಅಂತ ಲಿಖಿತವಾಗಿ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ಊರವರು ಮೊಬೈಲಲ್ಲಿ ತೆಗೆದ ಫೋಟೋ ಇದ್ರೆ ತುಂಬಾ ಬೆಲೆ, ಬಾಡಿ ಅಳತೆ ಗೊತ್ತಿದ್ದು ಲೋಡ್ ಎಲ್ಲಿವರೆಗೆ ಇತ್ತು ಅಂತ ಫೋಟೋಲಿ ಕಂಡ್ರೆ ಇಂಜಿನಿಯರ್ ಒಬ್ಬರು ಸಾಕ್ಷಿ ಹೇಳ್ಬಹುದು, ಎಂ-ಸ್ಯಾಂಡ್ ಒಂದು ಘನ ಮೀಟರಿಗೇ ಸುಮಾರು ಒಂದೂವರೆ ಟನ್ನಿಗೂ ಮೇಲೆ ತೂಗತ್ತೆ. ಇವನ್ನೆಲ್ಲಾ ಕೋರ್ಟಿಗೆ ತರಿಸಿ ಅಂತ ನಿಮ್ಮ ವಕೀಲರು ಸಮನ್ಸ್ ಅರ್ಜಿ ಹಾಕ್ಬೇಕು, ಮಾಲೀಕ ತನ್ನ ಹತ್ರ ಇರೋ ಚೀಟಿ ತರ್ಲಿಲ್ಲ ಅಂದ್ರೆ ಅದು ಅವನ ವಿರುದ್ಧವೇ ಹೋಗತ್ತೆ. ಕ್ರಷರ್‌ನವರನ್ನೂ ಎದುರುದಾರ ಮಾಡೋಣ ಅಂತ ಕೆಲವರು ಹೇಳ್ತಾರೆ, ನನ್ನ ಅಭಿಪ್ರಾಯದಲ್ಲಿ ಬೇಡ, ಕೇಸ್ ವರ್ಷಗಟ್ಟಲೆ ಎಳೆಯತ್ತೆ. ಡ್ರೈವರ್, ಮಾಲೀಕ, ಇನ್ಶೂರೆನ್ಸ್ ಕಂಪನಿ ಸಾಕು, ಕ್ರಷರ್‌ನಿಂದ ದಾಖಲೆ ಮಾತ್ರ ತರಿಸಿ.

ಅರ್ಜಿ ಹಾಕ್ಬೇಕಾಗಿರೋದು ಸೆಕ್ಷನ್ 166ರ ಕೆಳಗೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಅಪಘಾತ ಎಲ್ಲಾಯ್ತೋ ಅಲ್ಲೇ ಹಾಕ್ಬೇಕು ಅಂತೇನಿಲ್ಲ, ನೀವು ವಾಸ ಇರೋ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು. ಅಪಘಾತ ಆದ ದಿನದಿಂದ ಆರು ತಿಂಗಳೊಳಗೆ ಅನ್ನೋ ನಿಯಮ 2022ರ ಏಪ್ರಿಲ್ 1ರಿಂದ ಬಂದಿದೆ, ನಿಮಗಿನ್ನೂ ಮೂರೂವರೆ ತಿಂಗಳಿದೆ. ಪೊಲೀಸರೇ 48 ಗಂಟೆಯಲ್ಲಿ ಮೊದಲ ವರದಿ, 90 ದಿನದಲ್ಲಿ ಪೂರ್ತಿ ವರದಿ ನ್ಯಾಯಮಂಡಳಿಗೆ ಕಳಿಸ್ಬೇಕು ಅಂತ ಈಗ ನಿಯಮ ಇದೆ, ಅದರ ಪ್ರತಿ ಕೇಳಿ, ಆದ್ರೆ ಅದನ್ನೇ ನಂಬ್ಕೊಂಡು ಕೂರಬೇಡಿ, ಸ್ವಂತ ಅರ್ಜಿ ಹಾಕಿ. ಸೆಕ್ಷನ್ 164ರಲ್ಲಿ ತಪ್ಪು ಯಾರದ್ದು ಅಂತ ಸಾಬೀತು ಮಾಡದೇನೇ ಗಂಭೀರ ಗಾಯಕ್ಕೆ 2.5 ಲಕ್ಷ ಸಿಗತ್ತೆ, ಕಂಪನಿಯವರು ಬೇಗ ಮುಗಿಸೋಣ ಅಂತ ಅದನ್ನೇ ಮುಂದಿಡಬಹುದು. ಅದನ್ನ ಒಪ್ಕೊಂಡು ತಗೊಂಡ್ರೆ 166ರ ಕೇಸ್ ಅಲ್ಲಿಗೇ ಮುಗೀತು. ನಿಮ್ಮಂಥ ಕೇಸಲ್ಲಿ ಒಪ್ಪಬೇಡಿ, ಯಾಕೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ.

ಡಾಕ್ಟರು ಕಾಲಿನ ಅಂಗವೈಕಲ್ಯ 45 ಪರ್ಸೆಂಟ್ ಅಂತ ಬರೆದಿದಾರೆ ಅಂದಿರಿ. ನಮ್ಮ ರಾಜ್ಯದ ನ್ಯಾಯಮಂಡಳಿಗಳಲ್ಲಿ ಒಂದು ರೂಢಿ ಇದೆ, ಒಂದು ಅಂಗದ ವೈಕಲ್ಯದ ಮೂರನೇ ಒಂದು ಭಾಗವನ್ನ ಇಡೀ ದೇಹದ್ದು ಅಂತ ತಗೊಳೋದು, ಅಂದ್ರೆ 15 ಪರ್ಸೆಂಟ್. ತಿಂಗಳ ಆದಾಯ 15,000 ಅಂತ ಇಟ್ಕೊಳ್ಳೋಣ, 40 ವರ್ಷದೊಳಗಿನ ಸ್ವಂತ ದುಡಿಮೆಯವರಿಗೆ ಮುಂದಿನ ಏಳಿಗೆ ಅಂತ 40 ಪರ್ಸೆಂಟ್ ಸೇರಿಸ್ತಾರೆ, 21,000 ಆಯ್ತು, ವರ್ಷಕ್ಕೆ 2,52,000, 34 ವಯಸ್ಸಿಗೆ ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ 16ರಿಂದ ಗುಣಿಸಬೇಕು, 40,32,000 ಬರತ್ತೆ. ಇದ್ರಲ್ಲಿ 15 ಪರ್ಸೆಂಟ್ ಅಂದ್ರೆ 6,04,800. ಆದ್ರೆ ವೆಲ್ಡರ್ ಆದವನು ಕುಕ್ಕರುಗಾಲಲ್ಲಿ ಕೂರ್ಬೇಕು, ಏಣಿ ಹತ್ತಬೇಕು, ಗಂಟೆಗಟ್ಟಲೆ ನಿಲ್ಲಬೇಕು, ಕಾಲು ಮಡಚೋಕೆ ಆಗದೇ ಇದ್ರೆ ಅವನ ದುಡಿಮೆ ನಷ್ಟ 15 ಅಲ್ಲ. ವೈಕಲ್ಯದ ಪರ್ಸೆಂಟ್ ಬೇರೆ, ದುಡಿಮೆ ನಷ್ಟದ ಪರ್ಸೆಂಟ್ ಬೇರೆ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟ ಮಾಡಿದೆ. ನ್ಯಾಯಮಂಡಳಿ 40 ಅಂತ ಒಪ್ಪಿದ್ರೆ ಅದೇ ಲೆಕ್ಕ 16,12,800 ಆಗತ್ತೆ. ಆಸ್ಪತ್ರೆ ಖರ್ಚು, ನೋವು, ಮನೇಲಿ ಕೂತ ತಿಂಗಳುಗಳ ಸಂಬಳ, ಮುಂದೆ ರಾಡ್ ತೆಗೆಸೋ ಆಪರೇಷನ್ನು, ಬಡ್ಡಿ ಎಲ್ಲಾ ಇದರ ಮೇಲೆ. ಹಾಗಾಗಿ ಡಾಕ್ಟರನ್ನ ಸಾಕ್ಷಿಗೆ ಕರೆಸಿದಾಗ ಕೇಳ್ಬೇಕಾದ ಪ್ರಶ್ನೆ ಒಂದೇ, ಈ ಕಾಲಿಟ್ಕೊಂಡು ಈ ಮನುಷ್ಯ ವೆಲ್ಡಿಂಗ್ ಮಾಡೋಕೆ ಆಗತ್ತಾ?

ಸಂಬಳದ ಚೀಟಿ ಇಲ್ಲ ಅಂತ ಬರೆದಿದೀರಿ. ನಮ್ಮ ಹೈಕೋರ್ಟಿನ ಇಂಥ ಕೇಸುಗಳಿಂದಲೇ ಮೇಲೆ ಹೋದ ಒಂದು ಅಪೀಲಲ್ಲಿ, 2014ರ ತೀರ್ಪು, ಕಾಲು ಕಳ್ಕೊಂಡ 24ರ ತರಕಾರಿ ವ್ಯಾಪಾರಿಗೆ ಸುಪ್ರೀಂ ಕೋರ್ಟ್ ಯಾವ ದಾಖಲೆ ಇಲ್ದೇನೂ ತಿಂಗಳಿಗೆ 6,500 ಆದಾಯ ಒಪ್ಕೊಂಡು ದುಡಿಮೆ ನಷ್ಟ 85 ಪರ್ಸೆಂಟ್ ಅಂತ ಹಿಡೀತು, ದಿನಗೂಲಿಯವನು ರಸೀದಿ ಎಲ್ಲಿಂದ ತರ್ತಾನೆ ಅನ್ನೋದು ಕೋರ್ಟಿಗೆ ಗೊತ್ತಿದೆ. ಏನೂ ದಾಖಲೆ ಇಲ್ಲದವರಿಗೆ ವರ್ಷವಾರು ಆದಾಯ ಹಿಡಿಯೋಕೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿನೂ ಇದೆ, ಲೋಕ್ ಅದಾಲತ್ತಲ್ಲಿ, ಹೈಕೋರ್ಟಲ್ಲಿ ಅದನ್ನೇ ನೋಡ್ತಾರೆ. ಆದ್ರೂ ಅವರು ಕೆಲಸ ಮಾಡ್ತಿದ್ದ ವರ್ಕ್‌ಶಾಪಿನವರಿಂದ ಒಂದು ಮಾತು ಹೇಳಿಸಿ, ಫೋನ್‌ಪೇಲಿ ಬಂದ ಕೂಲಿ ದುಡ್ಡಿನ ಪ್ರಿಂಟ್ ತೆಗೆಸಿಡಿ.

ಪ್ರಶ್ನೆ: ನಾವು ಹಾವೇರಿ ಕಡೆಯವ್ರು, ಸಂತಿಗೆ ತರಕಾರಿ ತಗೊಂಡು ಹೋಗ್ತೀವ್ರಿ. ಒಂದ ಲಾರಿಗೆ ಹತ್ತನ್ನೆರಡು ಮಂದಿ ಸೇರಿ ಬಾಡಿಗಿ ಕೊಟ್ಟು ಮಾಲಿನ ಮ್ಯಾಲ ಕುಂತಿದ್ವಿ, ಲಾರಿ ಪಲ್ಟಿ ಆತು, ನನ್ನ ತಮ್ಮಗ ಬೆನ್ನೆಲುಬು ಮುರದೈತಿ. ಗೂಡ್ಸ್ ಗಾಡ್ಯಾಗ ಕುಂತವ್ರಿಗೆ ಇನ್ಶೂರೆನ್ಸ್ ಬರಂಗಿಲ್ಲ ಅಂತಾರ್ರಿ. ಏನ್ ಮಾಡ್ಬೇಕ್ರಿ?

ಅಣ್ಣಾರೇ, ನಿಮ್ಮ ಪತ್ರ ಓದ್ತಿದ್ದ ಹಾಗೇ 2025ರ ಜನವರಿ 22ರ ಬೆಳಗಿನ ಜಾವ ನೆನಪಾಯ್ತು. ಸವಣೂರಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು ತರಕಾರಿ ಲಾರಿ ಯಲ್ಲಾಪುರದ ಹತ್ರ ಅರಬೈಲ್ ಘಾಟಲ್ಲಿ ಕಂದಕಕ್ಕೆ ಬಿದ್ದು ಹತ್ತು ಜನ ವ್ಯಾಪಾರಿಗಳು ಸತ್ರು, ಅವರೂ ಮಾಲಿನ ಮೇಲೇ ಕೂತಿದ್ದವರು. ಬಸ್ಸಿಗೆ ಹೋದ್ರೆ ಮಾಲು ಬಿಡಬೇಕು, ಮಾಲಿನ ಜೊತೆ ಹೋಗ್ಬೇಕಂದ್ರೆ ಹಿಂಗೇ ಕೂರ್ಬೇಕು, ಇದನ್ನ ಜನರ ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

ನಿಮಗೆ ಯಾರು ಹೇಳಿದ್ರೋ ಅವರು ಅರ್ಧ ಸತ್ಯ ಹೇಳಿದಾರೆ. ಗೂಡ್ಸ್ ಗಾಡಿಲಿ ಸುಮ್ಮನೆ ಲಿಫ್ಟ್ ತಗೊಂಡು ಹೋಗೋರಿಗೆ ಪಾಲಿಸಿ ಹೊಣೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿರೋದು ಹೌದು. ಆದ್ರೆ 1994ರ ತಿದ್ದುಪಡಿ ಆದ್ಮೇಲೆ ಸೆಕ್ಷನ್ 147ರಲ್ಲಿ ಮಾಲಿನ ಮಾಲೀಕ ಅಥವಾ ಅವನು ಕಳಿಸಿದ ಮನುಷ್ಯ ಆ ಮಾಲಿನ ಜೊತೆ ಹೋಗ್ತಿದ್ರೆ ಅವನಿಗೆ ಇನ್ಶೂರೆನ್ಸ್ ಇದೆ ಅಂತ ಸೇರಿಸಿದಾರೆ. ನಿಮ್ಮ ತಮ್ಮ ಮಾಲಿನ ಮಾಲೀಕ. ಹಾಗಾಗಿ ನಿಮ್ಮ ಕೇಸು ನಿಲ್ಲೋದು ಒಂದೇ ವಿಷಯದ ಮೇಲೆ, ಆ ಲಾರೀಲಿ ಅವನ ಮಾಲು ಇತ್ತು ಅಂತ ತೋರಿಸೋದು. ಆಸ್ಪತ್ರೇಲಿ ಪೊಲೀಸರು ಬಂದು ಮೊದಲ ಹೇಳಿಕೆ ತಗೊಂಡಾಗ ಏನು ಬರೆಸಿದೀರಿ ಅಂತ ಪ್ರತಿ ತಗೊಂಡು ಓದಿ. "ಲಾರಿಯಲ್ಲಿ ಪ್ರಯಾಣಿಸುತ್ತಿದ್ದೆ" ಅಂತ ಮಾತ್ರ ಇದ್ರೆ, ಟೊಮೆಟೊ ಎಷ್ಟು ಬಾಕ್ಸು, ಮೆಣಸಿನಕಾಯಿ ಎಷ್ಟು ಚೀಲ, ಯಾರ ಹತ್ರ ಕೊಂಡದ್ದು, ಬಾಡಿಗೆ ಎಷ್ಟು ಕೊಟ್ಟಿದ್ದು ಅಂತೆಲ್ಲಾ ಸೇರಿಸಿ ತನಿಖಾಧಿಕಾರಿ ಹತ್ರ ಮರು ಹೇಳಿಕೆ ಕೊಡಿ. ಎಪಿಎಂಸಿ ಚೀಟಿ, ದಲಾಲರ ಲೆಕ್ಕದ ಪುಸ್ತಕ, ಸ್ಥಳ ಮಹಜರಲ್ಲಿ ಚೆಲ್ಲಿದ್ದ ಮಾಲಿನ ವಿವರ, ಜೊತೇಲಿದ್ದವರ ಸಾಕ್ಷಿ ಇವು ನಿಮ್ಮ ಕಡೆಯ ದಾಖಲೆ.

ಆದ್ರೂ ಕಂಪನಿಯವರು ಎರಡು ತಕರಾರು ತೆಗೀತಾರೆ. ಒಂದು, ಕ್ಯಾಬಿನ್‌ನಲ್ಲಿ ಕೂರದೇ ಮಾಲಿನ ಮೇಲೆ ಕೂತಿದ್ರು ಅನ್ನೋದು. ಇನ್ನೊಂದು, ನಿಯಮಕ್ಕಿಂತ ಜಾಸ್ತಿ ಜನ ಇದ್ರು ಅನ್ನೋದು. ಇವೆರಡಕ್ಕೂ ಬಲ ಇದೆ, ನಾನು ಸುಳ್ಳು ಧೈರ್ಯ ಹೇಳಲ್ಲ. ಅಂಥ ಹೊತ್ತಲ್ಲೂ ಕಂಪನಿ ಮೊದಲು ಗಾಯಾಳುಗೆ ದುಡ್ಡು ಕೊಟ್ಟು ಆಮೇಲೆ ಲಾರಿ ಮಾಲೀಕನಿಂದ ವಸೂಲಿ ಮಾಡ್ಕೊಳ್ಲಿ ಅಂತ 2017ರಲ್ಲಿ, ಮತ್ತೆ 2019ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿದೆ, ಗೂಡ್ಸ್ ಗಾಡಿಲಿ ಪುಕ್ಕಟೆ ಕೂತಿದ್ದವರ ಕೇಸಲ್ಲೂ ಕೊಟ್ಟಿದೆ. ನಿಮ್ಮ ವಕೀಲರು ಅರ್ಜಿಯಲ್ಲೇ ಈ ಪರ್ಯಾಯ ಕೋರಿಕೆ ಬರೀಬೇಕು. ಕೊನೆಗೆ ಕಂಪನಿ ಹೊಣೆ ಇಲ್ಲ ಅಂತಾದ್ರೂ ಲಾರಿ ಮಾಲೀಕ ತಪ್ಪಿಸ್ಕೊಳೋಕೆ ಆಗಲ್ಲ. ಬೆನ್ನೆಲುಬಿನ ಕೇಸಾದ್ರಿಂದ ನೋಡ್ಕೊಳ್ಳೋಕೆ ಒಬ್ಬರು ಮನುಷ್ಯ ಬೇಕಾದ ಖರ್ಚೂ ಕೇಳಿ, ಅದನ್ನ ಬಹಳ ಜನ ಮರೀತಾರೆ. ತಮ್ಮನಿಗೆ ಅಂಗವೈಕಲ್ಯ ಪ್ರಮಾಣಪತ್ರ ಸಿಕ್ಕಿದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನ ಕೇಳೋ ಹಕ್ಕಿದೆ, ಹೆಣ್ಣುಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೂ ಆದಾಯ ನೋಡದೇ ಕೊಡ್ತಾರೆ, 15100ಕ್ಕೆ ಫೋನ್ ಮಾಡಿದ್ರೆ ದಾರಿ ಹೇಳ್ತಾರೆ.

ಪ್ರಶ್ನೆ: ರಾತ್ರಿ ಎಂಟೂವರೆಗೆ ರಸ್ತೆ ಮಧ್ಯೆ ಡಬಲ್ ಟ್ರೇಲರ್ ಕಬ್ಬಿನ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು, ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ, ಕಬ್ಬು ಎರಡೂ ಕಡೆ ಚಾಚ್ಕೊಂಡಿತ್ತು. ಎದುರು ಗಾಡಿ ಲೈಟಿಗೆ ಕಣ್ಣು ಕುಕ್ಕಿ ನನ್ನ ಬೈಕ್ ಹಿಂದಿಂದ ಗುದ್ದಿತು, ಒಂದು ಕಣ್ಣು ಹೋಗಿದೆ. ಎಂಟು ತಿಂಗಳಾಯ್ತು. ಪೊಲೀಸರು ನನ್ನ ಮೇಲೇ ಕೇಸ್ ಹಾಕಿದಾರೆ. — ಬಾಗಲಕೋಟೆ ಜಿಲ್ಲೆ

ಹಿಂದಿಂದ ಗುದ್ದಿದವನದ್ದೇ ತಪ್ಪು ಅಂತ ಕಣ್ಮುಚ್ಚಿ ಎಫ್‌ಐಆರ್ ಬರೆಯೋದು ನಮ್ಮ ಸ್ಟೇಷನ್‌ಗಳ ಹಳೇ ಚಾಳಿ. ನ್ಯಾಯಮಂಡಳಿಗೆ ಆ ಎಫ್‌ಐಆರ್, ಚಾರ್ಜ್‌ಶೀಟ್ ಕೊನೇ ಮಾತಲ್ಲ, ಅದು ಯಾವುದು ಹೆಚ್ಚು ನಂಬೋ ಹಾಗಿದೆ ಅಂತ ತೂಗಿ ನೋಡತ್ತೆ. ಅಪಾಯ ಆಗೋ ಹಾಗೆ ರಸ್ತೇಲಿ ಗಾಡಿ ಬಿಟ್ಟು ಹೋಗೋದು ಸೆಕ್ಷನ್ 122ರ ಉಲ್ಲಂಘನೆ, ಲೋಡ್ ಬಾಡಿಯಿಂದ ಆಚೆ ಚಾಚಿದ್ರೆ 194ರಲ್ಲೇ ಪ್ರತ್ಯೇಕವಾಗಿ 20,000 ದಂಡ ಇದೆ. ಕತ್ತಲಲ್ಲಿ ಪಾರ್ಕಿಂಗ್ ಲೈಟಿಲ್ದೇ ನಿಲ್ಲಿಸಿದ್ದ ಲಾರಿಗೆ ಗುದ್ದಿ ಸತ್ತವನ ಮೇಲೆ ಹೈಕೋರ್ಟ್ ಅರ್ಧ ತಪ್ಪು ಹೊರಿಸಿದ್ದನ್ನ 2020ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿದೆ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದಿಂದಲೇ ಹೋದ ಇಂಥದ್ದೇ ಒಂದು ಕೇಸಲ್ಲಿ, ಹೆದ್ದಾರೀಲಿ ಲೈಟು ಸೂಚನೆ ಏನೂ ಇಲ್ದೇ ಬಿಟ್ಟುಹೋಗಿದ್ದ 14 ಚಕ್ರದ ಗಾಡಿಯ ಮೇಲೇ ಪೂರ್ತಿ ಹೊಣೆ ಹಾಕಿದೆ.

ನಿಮ್ಮ ಮೇಲೆ ಒಂಚೂರೂ ತಪ್ಪು ಬರಲ್ಲ ಅಂತ ಮಾತು ಕೊಡೋಕೆ ಆಗಲ್ಲ. ವೇಗ, ಹೆಲ್ಮೆಟ್, ಕುಡಿತ ಎಲ್ಲಾ ಕೇಳ್ತಾರೆ, ಹಾಗಾಗಿ ಆಸ್ಪತ್ರೆ ದಾಖಲೆಯಲ್ಲಿ ಮದ್ಯದ ವಾಸನೆ ಇಲ್ಲ ಅಂತ ಬರೆದಿದ್ರೆ ಅದರ ಪ್ರತಿ ಈಗ್ಲೇ ತಗೊಳ್ಳಿ. ಕಬ್ಬಿನ ತೂಕ ಹುಡುಕೋದು ಮಾತ್ರ ಸುಲಭ, ಆ ಟ್ರ್ಯಾಕ್ಟರ್ ಫ್ಯಾಕ್ಟರಿಗೆ ಹೊರಟಿತ್ತು, ಸೀಸನ್ ಪೂರ್ತಿ ಅದೇ ನಂಬರಿನ ಗಾಡಿ ಪ್ರತಿ ಟ್ರಿಪ್ಪಿಗೆ ಎಷ್ಟು ಟನ್ ತಂದಿದೆ ಅಂತ ಫ್ಯಾಕ್ಟರಿಯ ಕಾಟಾದಲ್ಲಿ ಲೆಕ್ಕ ಇರತ್ತೆ, ರೈತರಿಗೆ ದುಡ್ಡು ಕೊಡೋದೇ ಅದರ ಮೇಲೆ. ಕೋರ್ಟ್ ಮೂಲಕ ತರಿಸಿ. ಟ್ರ್ಯಾಕ್ಟರ್‌ಗೆ ಇನ್ಶೂರೆನ್ಸ್ ಇದ್ದು ಟ್ರೇಲರ್‌ಗಳಿಗೆ ಇಲ್ದೇ ಇರೋದು ನಮ್ಮ ಕಡೆ ಸಾಮಾನ್ಯ, ಕಂಪನಿ ಅದನ್ನ ಹಿಡ್ಕೊಂಡು ಜಗ್ಗಾಡತ್ತೆ, ಅದಕ್ಕೇ ಟ್ರ್ಯಾಕ್ಟರ್, ಎರಡೂ ಟ್ರೇಲರ್‌ನ ನಂಬರು, ಮಾಲೀಕರನ್ನ ಒಂದೇ ಅರ್ಜಿಯಲ್ಲಿ ಸೇರಿಸಿ.

ಆರು ತಿಂಗಳು ದಾಟಿದ್ದಕ್ಕೆ ಭಯ ಬೇಡ. ಆ ಗಡುವಿನ ನಿಯಮವನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಲ್ಲಿ ಅರ್ಜಿಗಳಿವೆ, ಅವು ತೀರ್ಮಾನ ಆಗೋವರೆಗೆ ತಡ ಆಯ್ತು ಅಂತ ಯಾವ ಪರಿಹಾರ ಅರ್ಜಿನೂ ವಜಾ ಮಾಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಆಗಿದೆ. ಅದಿದೆ ಅಂತ ಇನ್ನೂ ತಡ ಮಾಡಬೇಡಿ, ಈ ವಾರವೇ ಹಾಕಿ.

ಪ್ರಶ್ನೆ: ನಮ್ಮಪ್ಪನಿಗೆ ಗುದ್ದಿದ ಜಲ್ಲಿ ಲಾರಿ ನಂಬರೇ ಸಿಕ್ಕಿಲ್ಲ. ಏನಾದ್ರೂ ದಾರಿ ಇದೆಯಾ? — ತುಮಕೂರು

ಇದೆ. ಗುದ್ದಿ ಓಡಿಹೋದ ಗಾಡಿ ಸಿಗದೇ ಇದ್ರೆ ಸೆಕ್ಷನ್ 161ರಲ್ಲಿ ಗಂಭೀರ ಗಾಯಕ್ಕೆ 50,000, ಸಾವಿಗೆ 2 ಲಕ್ಷ, ಅರ್ಜಿ ಕೊಡಬೇಕಾಗಿರೋದು ಕೋರ್ಟಿಗಲ್ಲ, ಅಪಘಾತ ಆದ ತಾಲ್ಲೂಕಿನ ಕ್ಲೇಮ್ ವಿಚಾರಣಾಧಿಕಾರಿಗೆ, ಅಂದ್ರೆ ಎಸಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ. ಕಡಿಮೆ ದುಡ್ಡು, ಒಪ್ತೀನಿ. ಆಮೇಲೆ ಗಾಡಿ ಪತ್ತೆ ಆದ್ರೆ 166ರ ಕೇಸ್ ಹಾಕಬಹುದು, ಈ ದುಡ್ಡನ್ನ ಅದ್ರಲ್ಲಿ ಕಳೀತಾರೆ. ಆ ರಸ್ತೇಲಿ ಆ ಹೊತ್ತಲ್ಲಿ ಯಾವ ಕ್ವಾರಿ ಗಾಡಿಗಳು ಓಡಾಡ್ತವೆ ಅಂತ ಊರವರಿಗೆ ಗೊತ್ತಿರತ್ತೆ, ಅದನ್ನ ಪೊಲೀಸರಿಗೆ ಬರೆದು ಕೊಡಿ. ಇನ್ನೊಂದು, ಎಲ್ಲರಿಗೂ ಹೇಳೋದು, 2025ರ ಮೇ ತಿಂಗಳಿಂದ ರಸ್ತೆ ಅಪಘಾತದಲ್ಲಿ ಗಾಯ ಆದವರಿಗೆ ಮೊದಲ ಏಳು ದಿನದ ಚಿಕಿತ್ಸೆ 1.5 ಲಕ್ಷದವರೆಗೆ ನಗದು ಕಟ್ಟದೇ ಕೊಡೋ ಕೇಂದ್ರದ ಯೋಜನೆ ಬಂದಿದೆ, ಆಸ್ಪತ್ರೆಗೆ ಸೇರಿಸೋವಾಗಲೇ ಕೇಳಿ.

ಪ್ರಶ್ನೆ: ಸಾರ್ ನಾನೇ ಲಾರಿ ಡ್ರೈವರ್. 40 ವರ್ಷ. ಓನರ್ ಯಾವಾಗ್ಲೂ ಪಾಸಿಂಗಿಗಿಂತ ಜಾಸ್ತಿ ಹಾಕ್ಸೋರು, ಬೇಡ ಅಂದ್ರೆ ಬೇರೆ ಡ್ರೈವರ್ ನೋಡ್ಕೋತೀನಿ ಅನ್ನೋರು. 2024ರ ಡಿಸೆಂಬರಲ್ಲಿ ಇಳಿಜಾರಲ್ಲಿ ಬ್ರೇಕ್ ಕಾದು ಹಿಡೀಲಿಲ್ಲ, ಬೇರೆಯವರಿಗೆ ಗುದ್ದಬಾರ್ದು ಅಂತ ದಿಬ್ಬಕ್ಕೆ ಹೊಡೆದೆ, ಎಡಗೈ ತೆಗೆದ್ರು. ಕೇಸ್ ನನ್ನ ಮೇಲೇ ಆಗಿದೆ. ನನಗೇನೂ ಇಲ್ವಾ ಸಾರ್? — ಚಿತ್ರದುರ್ಗ ಜಿಲ್ಲೆ

ಇದೆ ಅಣ್ಣ, ನಿಮ್ಮ ಪತ್ರ ಎರಡು ಸಲ ಓದಿದೆ. ನೀವೇ ಓಡಿಸ್ತಿದ್ದ ಗಾಡಿ ಆದ್ರಿಂದ 166ರ ದಾರಿ ಕಷ್ಟ, ಆದ್ರೆ ಕೆಲಸದಲ್ಲಿದ್ದಾಗ ಆದ ಗಾಯ ಅಂತ ನೌಕರರ ಪರಿಹಾರ ಕಾಯ್ದೆ 1923ರ ಕೆಳಗೆ ಅರ್ಜಿ ಹಾಕಬಹುದು, ಅಲ್ಲಿ ಗಾಡಿ ಯಾರ ತಪ್ಪಿಂದ ಬಿತ್ತು ಅಂತ ಕೇಳಲ್ಲ. ಆ ಕಾಯ್ದೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ನಿಮ್ಮ ಅಪಘಾತ ಅದಕ್ಕೂ ಮುಂಚಿನದ್ದು, ಮತ್ತೆ ಲೆಕ್ಕ ಹಾಕೋ ರೀತಿನೂ ಬದಲಾಗಿಲ್ಲ. ಗಡುವು ಎರಡು ವರ್ಷ, ಅದು ದಾಟೋಕೆ ಬಿಡಬೇಡಿ.

ಲೆಕ್ಕ ಹೀಗೆ. ಸಂಬಳ ಎಷ್ಟೇ ಇರ್ಲಿ 15,000ವರೆಗೆ ಮಾತ್ರ ತಗೊಳ್ತಾರೆ, ಅದರ 60 ಪರ್ಸೆಂಟ್ 9,000, 40 ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿರೋ ಅಂಕಿ 184.17, ಗುಣಿಸಿದ್ರೆ 16,57,530. ಕೈ ಒಂದೇ ತಾನೇ ಹೋಗಿದ್ದು, ಅಷ್ಟು ಪರ್ಸೆಂಟೇ ಕೊಡ್ತೀವಿ ಅಂತ ಇನ್ಶೂರೆನ್ಸ್ ಕಂಪನಿ ವಾದ ಮಾಡತ್ತೆ. 1975ರಲ್ಲೇ ಸುಪ್ರೀಂ ಕೋರ್ಟ್ ಎಡಗೈ ಕಳ್ಕೊಂಡ ಬಡಗಿಯ ಕೇಸಲ್ಲಿ, ಒಂದು ಕೈಲಿ ಬಡಗಿ ಕೆಲಸ ಆಗಲ್ಲ, ಹಾಗಾಗಿ ಇದು ಪೂರ್ತಿ ಅಶಕ್ತತೆ ಅಂತ ಹೇಳಿದೆ. ಒಂದು ಕೈಲಿ ಲಾರಿ ಓಡಿಸೋಕೂ ಆಗಲ್ಲ. ಅಪಘಾತ ಆಗಿ ಒಂದು ತಿಂಗಳಾದ್ಮೇಲೆ ಕೊಡದೇ ಇಟ್ಕೊಂಡಿದ್ದಕ್ಕೆ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ ಬರತ್ತೆ, ಸರಿಯಾದ ಕಾರಣ ಇಲ್ದೇ ತಡ ಮಾಡಿದ್ರೆ ಮೊತ್ತದ ಅರ್ಧದವರೆಗೆ ದಂಡ ಹಾಕೋ ಅಧಿಕಾರ ಇದೆ. ಅಸಲು, ಬಡ್ಡಿ ಕಂಪನಿ ಕಟ್ಟತ್ತೆ, ಆ ದಂಡ ಮಾತ್ರ ಓನರ್ ಜೇಬಿಂದಲೇ ಹೋಗ್ಬೇಕು.

ಓವರ್‌ಲೋಡ್ ವಿಷಯಕ್ಕೆ ಬಂದ್ರೆ, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 113ರಲ್ಲಿ ಒಂದು ಒಳ್ಳೆ ಮಾತಿದೆ, ಮಾಲೀಕನಲ್ಲದವನು ಮಿತಿ ಮೀರಿದ ಗಾಡಿ ಓಡಿಸ್ತಿದ್ರೆ ಅದು ಮಾಲೀಕನಿಗೆ ಗೊತ್ತಿದ್ದೇ, ಅಥವಾ ಅವನ ಆದೇಶದಿಂದಲೇ ಆಗಿದ್ದು ಅಂತ ಕೋರ್ಟ್ ಭಾವಿಸಬಹುದು. ನಿಮ್ಮ ಮೇಲಿರೋ ಕ್ರಿಮಿನಲ್ ಕೇಸಲ್ಲಿ ನಿಮ್ಮ ವಕೀಲರು ಇದನ್ನ ಎತ್ತಬೇಕು, ಅಲ್ಲಿ ತಪ್ಪೊಪ್ಪಿಕೊಂಡು ಫೈನ್ ಕಟ್ಟಿ ಮುಗಿಸು ಅಂತ ಯಾರಾದ್ರೂ ಹೇಳಿದ್ರೆ ಅವರ ಮಾತು ಕೇಳಿ ಸಹಿ ಹಾಕಬೇಡಿ. ಕೆಲಸಕ್ಕಿದ್ದೆ ಅಂತ ತೋರಿಸೋಕೆ ಟ್ರಿಪ್ ಶೀಟ್, ಭತ್ಯೆ ಬಂದ ಫೋನ್‌ಪೇ, ಡೀಸೆಲ್ ಬಿಲ್ ಸಾಕು. ಪತ್ರದ ಕೊನೇಲಿ ನೀವು ಸುಮ್ಮನೆ ಒಂದು ಸಾಲು ಬರೆದಿದೀರಿ, ಇನ್ನೆರಡು ಟನ್ ಹಾಕಿಸ್ಕೋ ಅಂತ ಓನರ್ ವಾಟ್ಸಾಪಲ್ಲಿ ಕಳಿಸಿದ ವಾಯ್ಸ್ ಮೆಸೇಜ್ ಹಳೇ ಫೋನಲ್ಲಿ ಇದೆ ಅಂತ. ಆ ಫೋನನ್ನ ಮಾರಬೇಡಿ, ರಿಸೆಟ್ ಮಾಡಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಚಾರ್ಜ್ ಮಾಡಿ ಆಫ್ ಮಾಡಿ ಬೀರುವಲ್ಲಿಡಿ. ಅದನ್ನ ಕೋರ್ಟಿಗೆ ಹಾಕೋಕೆ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು, ನಿಮ್ಮ ವಕೀಲರಿಗೆ ಈ ಸಾಲು ತೋರಿಸಿ, ಅವರು ಮಾಡಿಸ್ತಾರೆ.